ಅರ್ಧ ಮನೆ ಕೆಳಗೆ

ತೇರುಮಲ್ಲೇಶ್ವರನ ಜಾತ್ರೆ ಬಂತೆಂದರೆ ಹಿರಿಯೂರಿನ ಸುತ್ತ ಆರ್ಕೆಸ್ಟ್ರಾದವರಿಗೆ ಬಿಡುವಿಲ್ಲ. ನಾನು ಕಾಲೇಜಿಗೆ ಹೋಗುತ್ತಿದ್ದ ತೊಂಬತ್ತರ ದಶಕದಲ್ಲಿ ನಮ್ಮ ಬಬ್ಬೂರಿನಿಂದ ಹಿಡಿದು ಹೊಸದುರ್ಗ, ಹೊಳಲ್ಕೆರೆಯವರೆಗೆ ಎಲ್ಲಿ ಕೇಳಿದರೂ ಒಂದೇ ತಂಡದ ಹೆಸರು. ಏಳು ಜನ, ಒಂದು ಮೆಟಡೋರ್. ಮುಂದೆ ನಿಂತು ಹಾಡುವವನು ಅಣ್ಣಾವ್ರ ಹಾಡು ಎತ್ತಿಕೊಂಡರೆ ಕಡ್ಲೆಪುರಿ ಮಾರುವವನೂ ಸೇರು ಕೆಳಗಿಟ್ಟು ಕೇಳುತ್ತಿದ್ದ. ಒಂದು ವರ್ಷ ಬ್ಯಾನರಿನಲ್ಲಿ ಯಾರ ಫೋಟೊ ದೊಡ್ಡದಿರಬೇಕು ಎಂದು ಶುರುವಾದ ಮಾತು ದುಡ್ಡಿಗೆ ತಿರುಗಿತು, ದುಡ್ಡಿನಿಂದ ಅಪ್ಪ ಅಮ್ಮನವರೆಗೂ ಹೋಯಿತು. ಹಾಡುಗಾರ ಎದ್ದು ಹೊರಟ. ಆರು ತಿಂಗಳೊಳಗೆ ತನ್ನದೇ ಹೆಸರಿನ ತಂಡ ಕಟ್ಟಿದ. ಬೆಂಗಳೂರಿನಿಂದ ದಿನದ ಲೆಕ್ಕಕ್ಕೆ ಬರುವ ವಾದ್ಯದವರು, ಹೊಸ ಸೌಂಡ್ ಸೆಟ್. ಹಳೆಯ ತಂಡದವರಿಗಿಂತ ಒಬ್ಬೊಬ್ಬರೂ ಒಂದು ಕೈ ಮೇಲೆಯೇ. ಆದರೂ ರಾತ್ರಿ ಒಂದು ಗಂಟೆ ದಾಟಿದ ಮೇಲೆ ಅವನ ಗಂಟಲು ಒಡೆಯತೊಡಗಿತು. ಹಿಂದೆಲ್ಲ ಕೋಳಿ ಕೂಗುವವರೆಗೆ ಹಾಡಿದ ಅದೇ ಗಂಟಲು. ಎರಡು ಜಾತ್ರೆ ಕಳೆಯುವುದರೊಳಗೆ ಜನ ಬೇರೆ ಕಡೆ ತಿರುಗಿದರು. ಹಳೆಯ ತಂಡವೇನೂ ಉದ್ಧಾರವಾಗಲಿಲ್ಲ. ಇನ್ನೊಬ್ಬ ಹಾಡುಗಾರನನ್ನು ಕರೆತಂದು, ಸ್ವಲ್ಪ ದಿನ ಏಗಿ, ಕೊನೆಗೆ ಕೀಬೋರ್ಡನ್ನೇ ಮಾರಿಕೊಂಡರು.

ಹೆಸರು ಹೇಳುವುದಿಲ್ಲ. ಎಲ್ಲರೂ ಇದ್ದಾರೆ, ಎಲ್ಲರೂ ನನಗೆ ಬೇಕಾದವರು.

ಅವತ್ತಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ತಂಡದ ಮುಂದೆ ನಿಂತು ಹಾಡುವವನು ಒಬ್ಬನೇ ಹೊರಟಾಗ ಏನನ್ನು ಬಿಟ್ಟು ಹೊರಡುತ್ತಾನೆ? ರಾಕ್ ಸಂಗೀತದ ಲೋಕದಲ್ಲಿ ಇದು ಅರವತ್ತು ವರ್ಷದಿಂದ ನಡೆದುಬಂದ ತಕರಾರು. ಅಭಿಮಾನಿಗಳನ್ನು ಕೇಳಿದರೆ ಅಹಂಕಾರ ಅನ್ನುತ್ತಾರೆ. ಮ್ಯಾನೇಜರುಗಳನ್ನು ಕೇಳಿದರೆ ರಾಯಲ್ಟಿ ಅನ್ನುತ್ತಾರೆ. ವಾದ್ಯ ನುಡಿಸುವವರನ್ನು ಕೇಳಿದರೆ ‘ಕೆಮಿಸ್ಟ್ರಿ’ ಎಂದು ಕೈ ತಿರುವುತ್ತಾರೆ. ಈ ಕೊನೆಯ ಪದವನ್ನು ನಮ್ಮ ಸಿನಿಮಾ ಪುರವಣಿಗಳು ಉಜ್ಜಿ ಉಜ್ಜಿ ಸವೆಸಿವೆ. ಹೊಂದಾಣಿಕೆ ಎಂದು ಅದರ ಅರ್ಥ ಮಾಡಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಹೊಂದಿಕೊಂಡು ಬಾಳಿದ ದೊಡ್ಡ ಬ್ಯಾಂಡುಗಳು ಬೆರಳೆಣಿಕೆಯಷ್ಟೂ ಇಲ್ಲ. ಮಾತು ಬಿಟ್ಟವರು, ಬೇರೆ ಬೇರೆ ಕಾರಿನಲ್ಲಿ ಬಂದು ವೇದಿಕೆ ಹತ್ತಿದವರು ಒಟ್ಟಿಗೆ ಸೊಗಸಾಗಿ ನುಡಿಸಿದ್ದಾರೆ.

ನಮ್ಮ ಹೊಲದ ಭಾಷೆಯಲ್ಲಿ ಹೇಳಿದರೆ ನನಗೆ ಸಲೀಸು. ಕೂಲಿಗೆ ಬಂದವನು ಹೇಳಿದ್ದನ್ನು ಅಚ್ಚುಕಟ್ಟಾಗಿ ಮಾಡಿ ಐದು ಗಂಟೆಗೆ ಕುಡುಗೋಲು ಒರೆಸುತ್ತಾನೆ. ಪಾಲಿಗೆ ಮಾಡುವವನು ಹಾಗಲ್ಲ. ನೀವು ಹೇಳದ್ದನ್ನೂ ಮಾಡುತ್ತಾನೆ, ಹೇಳಿದ್ದಕ್ಕೆ ಎದುರೂ ಆಡುತ್ತಾನೆ. ಈ ಸಲ ಶೇಂಗಾ ಬೇಡ ಗೌಡ್ರೇ ಅನ್ನುತ್ತಾನೆ, ರಾತ್ರಿ ಎದ್ದು ಬದುವಿನ ನೀರು ನೋಡಿಕೊಂಡು ಬರುತ್ತಾನೆ. ಅವನ ಕಾಟ ತಡೆಯಲಾರದೆ ಬಿಡಿಸಿದವರಿದ್ದಾರೆ. ಬಿಡಿಸಿದ ಮೇಲೆ ಬೆಳೆ ಯಾಕೆ ಹೀಗಾಯಿತೆಂದು ಬದುವಿನ ಮೇಲೆ ಕೂತವರೂ ಇದ್ದಾರೆ.

ಈ ಪ್ರಶ್ನೆಯನ್ನು ಕಣ್ಣಾರೆ ನೋಡುವ ಅವಕಾಶ ಕರ್ನಾಟಕದವರಿಗೆ ಸಿಕ್ಕಷ್ಟು ದೇಶದಲ್ಲಿ ಹೆಚ್ಚು ಮಂದಿಗೆ ಸಿಕ್ಕಿರಲಾರದು. ಈ ಶತಮಾನದ ಮೊದಲ ಏಳು ವರ್ಷಗಳಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದುಹೋದವರನ್ನು ನೋಡಿ. 2002ರಲ್ಲಿ ರೋಜರ್ ವಾಟರ್ಸ್, 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್, 2005ರಲ್ಲಿ ಮಾರ್ಕ್ ನಾಫ್ಲರ್, 2007ರ ಮಾರ್ಚ್‌ನಲ್ಲಿ ಐರನ್ ಮೇಡನ್. ಬ್ಯಾಂಡು ಬಿಟ್ಟು ಮರಳದವನು, ಬಿಟ್ಟಂತೆ ಮಾಡಿ ಮರಳಿದವನು, ತಾನೇ ಬ್ಯಾಂಡು ಮುಚ್ಚಿದವನು, ಬಿಟ್ಟು ಆರು ವರ್ಷದ ಮೇಲೆ ಮನೆಗೆ ಬಂದವನು. ನಾಲ್ಕೂ ಜಾತಿಯವರು ಒಂದೇ ಮೈದಾನದಲ್ಲಿ.

ವಾಟರ್ಸ್ ಕಥೆ ಎಲ್ಲಕ್ಕಿಂತ ಕಹಿ. 1985ರಲ್ಲಿ ಪಿಂಕ್ ಫ್ಲಾಯ್ಡ್ ಬಿಟ್ಟರು. ತಾನಿಲ್ಲದೆ ಆ ಹೆಸರು ಬಳಸಕೂಡದೆಂದು ಕೋರ್ಟಿಗೆ ಹೋದರು. 1987ರಲ್ಲಿ ಅವರದೊಂದು ಆಲ್ಬಂ, ಅವರಿಲ್ಲದ ಪಿಂಕ್ ಫ್ಲಾಯ್ಡ್‌ನದೊಂದು ಆಲ್ಬಂ ಹೊರಬಂದವು. ಜನ ಬ್ಯಾಂಡಿನ ಹೆಸರಿದ್ದ ಕಡೆ ಮುಗಿಬಿದ್ದರು. ನನ್ನ ಕಿವಿಗೆ ಎರಡೂ ಅರೆಬೆಂದವು. ಒಂದರಲ್ಲಿ ಮಾತು ಮಾತು ಮಾತು, ಉಸಿರಾಡಲು ತೆರಪಿಲ್ಲ. ಇನ್ನೊಂದರಲ್ಲಿ ಮೋಡದಂಥ ಗಿಟಾರು, ಅಡಿಯಲ್ಲಿ ಹೇಳಲು ಮಾತೇ ಇಲ್ಲ. ಪೇಟೆ ಕೊಳ್ಳುವುದು ಹೆಸರನ್ನು, ಕಿವಿ ಕೇಳುವುದು ಬೇರೆಯದನ್ನು. ಹದಿನೈದು ವರ್ಷ ಕಳೆದು ಬೆಂಗಳೂರಿಗೆ ಬಂದ ವಾಟರ್ಸ್ ಹೆಚ್ಚುಪಾಲು ಹಾಡಿದ್ದು ಹಳೆಯ ಬ್ಯಾಂಡಿನ ಹಾಡುಗಳನ್ನೇ.

ಇದೇ ಬ್ಯಾಂಡಿನಲ್ಲಿ ಕೂಲಿ-ಪಾಲಿನ ಒಂದು ಮೋಜು ನಡೆದಿದೆ. ‘ದ ವಾಲ್’ ಮಾಡುವಾಗ ವಾಟರ್ಸ್ ಕೀಬೋರ್ಡಿನ ರಿಚರ್ಡ್ ರೈಟ್‌ರನ್ನು ಹೊರಹಾಕಿದರು. ಆದರೆ 1980-81ರ ‘ವಾಲ್’ ಪ್ರದರ್ಶನಗಳಿಗೆ ಕೀಬೋರ್ಡಿನವನು ಬೇಕಲ್ಲ, ಅದೇ ರೈಟ್‌ರನ್ನು ಸಂಬಳಕ್ಕೆ ಇಟ್ಟುಕೊಂಡರು. ವೇದಿಕೆಯ ಮೇಲೆ ಗೋಡೆ ಕಟ್ಟಿ ಕೆಡಹುವ ಆ ವೈಭವಕ್ಕೆ ಖರ್ಚು ಮಿತಿಮೀರಿ ಪಾಲುದಾರರು ಮೂವರೂ ನಷ್ಟ ಹೊತ್ತರು. ಕಾಸು ಮಾಡಿಕೊಂಡು ಮನೆಗೆ ಹೋದವರು ಸಂಬಳದ ರೈಟ್ ಒಬ್ಬರೇ.

ಸ್ಟೋನ್ಸ್ ಬಂದಾಗ ಮಳೆ. ಹಿರಿಯೂರಿನಿಂದ ಬಸ್ಸು ಹತ್ತಿ ಹೋದ ನಾವು ಮೂವರು ನೆಂದು ತೊಪ್ಪೆಯಾಗಿ ನಿಂತಿದ್ದೆವು. ಮಿಕ್ ಜಾಗರ್‌ಗೆ ಆಗಲೇ ಅರವತ್ತರ ಹತ್ತಿರ. ಇದೇ ಜಾಗರ್ 1985ರಲ್ಲಿ, 1987ರಲ್ಲಿ ಒಬ್ಬರೇ ಆಲ್ಬಂ ಮಾಡಿದವರು. ಕೀತ್ ರಿಚರ್ಡ್ಸ್‌ಗೆ ಉರಿದುಹೋಗಿ ಇಬ್ಬರೂ ಪತ್ರಿಕೆಗಳಲ್ಲೇ ಕಿತ್ತಾಡಿಕೊಂಡರು. ಜಾಗರ್ ಆಲ್ಬಂಗಳಲ್ಲಿ ದೊಡ್ಡ ದೊಡ್ಡ ವಾದ್ಯಗಾರರೆಲ್ಲ ಇದ್ದರು, ಜೆಫ್ ಬೆಕ್‌ರಂಥವರೂ. ಕೇಳಿದರೆ ಹೊಸ ಹೋಟೆಲಿನ ಲಾಬಿಯಂತಿವೆ, ಎಲ್ಲ ಹೊಳೆಯುತ್ತದೆ, ಕೂರಲು ಮನಸ್ಸಾಗುವುದಿಲ್ಲ. 1989ಕ್ಕೆ ಮತ್ತೆ ಒಂದಾದರು. ಕೀತ್ ಗಿಟಾರು ತಾಳ ಹಿಡಿಯುತ್ತಿತ್ತು, ಡ್ರಮ್ಮಿನ ಚಾರ್ಲಿ ವಾಟ್ಸ್ ಕೂದಲೆಳೆ ಹಿಂದೆ ಅದನ್ನು ಹಿಂಬಾಲಿಸುತ್ತಿದ್ದರು, ಜಾಗರ್ ಮುಂದಕ್ಕೆ ಎಳೆಯುತ್ತಿದ್ದರು. ಆ ಜಗ್ಗಾಟವೇ ಅವರ ಹಾಡು. ಅವತ್ತು ಬೇಸ್ ಗಿಟಾರ್ ಹಿಡಿದಿದ್ದ ಡ್ಯಾರಿಲ್ ಜೋನ್ಸ್ ತೊಂಬತ್ತರ ದಶಕದಿಂದ ಅವರ ಜತೆಗಿದ್ದಾರೆ, ಆದರೆ ಬ್ಯಾಂಡಿನ ಸದಸ್ಯರಲ್ಲ. ಅಷ್ಟು ವರ್ಷದ ಕೂಲಿ! ನನ್ನ ಕೂಲಿ-ಪಾಲಿನ ಸಿದ್ಧಾಂತಕ್ಕೆ ಇವರೊಬ್ಬರು ಒಂದು ಮುಳ್ಳು. ಸಂಬಳದವನೂ ಮನೆಯವನಾಗಬಹುದೆಂದು ತೋರಿಸಿದವರು.

ಇವರನ್ನೇ ಹಿಡಿದು ಇನ್ನೊಂದು ಕಡೆ ಹೋಗಬಹುದು. 1985ರಲ್ಲಿ ‘ಪೊಲೀಸ್’ ಬ್ಯಾಂಡಿನ ಸ್ಟಿಂಗ್ ಮೊದಲ ಸ್ವಂತ ಆಲ್ಬಂ ಮಾಡಿದಾಗ ಬೇಸ್ ನುಡಿಸಿದವರು ಇದೇ ಡ್ಯಾರಿಲ್ ಜೋನ್ಸ್. ಸ್ಯಾಕ್ಸೊಫೋನಿಗೆ ಬ್ರ್ಯಾನ್‌ಫರ್ಡ್ ಮಾರ್ಸಾಲಿಸ್, ಪಿಯಾನೊಗೆ ಕೆನ್ನಿ ಕರ್ಕ್‌ಲ್ಯಾಂಡ್. ಎಲ್ಲರೂ ಜಾಝ್‌ನವರು, ಸಂಗೀತದ ತಿಳಿವಳಿಕೆಯಲ್ಲಿ ಸ್ಟಿಂಗ್‌ಗಿಂತ ಮೇಲಿನವರು. ಹೊರಟವನು ತನಗಿಂತ ಗಟ್ಟಿಗರನ್ನು ಕಟ್ಟಿಕೊಂಡರೆ ನಿಭಾಯಿಸಿಕೊಳ್ಳುತ್ತಾನೆ. ಗಟ್ಟಿಗರಿಗೆ ಕೂಲಿ ಕೊಟ್ಟರೂ ಅವರು ಕೂಲಿಯವರಂತೆ ನುಡಿಸುವುದಿಲ್ಲ.

ಮೇಡನ್‌ನ ಬ್ರೂಸ್ ಡಿಕಿನ್ಸನ್ 1993ರಲ್ಲಿ ಬ್ಯಾಂಡು ಬಿಟ್ಟು 1999ರಲ್ಲಿ ಮರಳಿದರು. ಆ ನಡುವಿನ ಅವರ ಆಲ್ಬಂಗಳಲ್ಲಿ ಕೇಳುವಂಥವು 1997, 1998ರವು. ಆ ಎರಡರಲ್ಲೂ ಗಿಟಾರು ಹಿಡಿದವರು ಆಡ್ರಿಯನ್ ಸ್ಮಿತ್, ಮೇಡನ್ನಿನದೇ ಹಳೆಯ ಕೈ. ಆಮೇಲೆ ಇಬ್ಬರೂ ಒಟ್ಟಿಗೇ ಮನೆಗೆ ಹೋದರು. ನಾಫ್ಲರ್ ವಿಷಯ ಬೇಗ ಮುಗಿಯುತ್ತದೆ. 1995ರಲ್ಲಿ ಡೈರ್ ಸ್ಟ್ರೇಟ್ಸ್ ಮುಗಿಸಿದಾಗ ಅದು ಹೆಚ್ಚುಕಮ್ಮಿ ಅವರೊಬ್ಬರದೇ ತಂಡವಾಗಿತ್ತು, ತಮ್ಮ ಡೇವಿಡ್ 1980ರಲ್ಲೇ ಜಗಳವಾಡಿ ಹೊರಟಿದ್ದರು. ಕೀಬೋರ್ಡಿನ ಗೈ ಫ್ಲೆಚರ್‌ರನ್ನು ಮಾತ್ರ ಅವರು ಬಿಡಲಿಲ್ಲ. ಹಳೆಯ ಮನೆಯಿಂದ ಒಂದು ಕೆಂಡ ತಂದು ಹೊಸ ಒಲೆ ಹೊತ್ತಿಸಿಕೊಂಡರು ಅನ್ನೋಣ.

ಫ್ರೆಡ್ಡಿ ಮರ್ಕ್ಯುರಿಯ ಮೇಲೆ ಬಂದ 2018ರ ಸಿನಿಮಾ ನೋಡಿದವರಿಗೆ ಒಂದು ದೃಶ್ಯ ನೆನಪಿರುತ್ತದೆ. ಹೊರಗೆ ಹೋಗಿ ಹೇಳಿದಂತೆ ಕೇಳುವವರನ್ನು ಇಟ್ಟುಕೊಂಡು ಸೋತ ಫ್ರೆಡ್ಡಿ ಕ್ವೀನ್ ಗೆಳೆಯರ ಮುಂದೆ ಬಂದು ತಪ್ಪೊಪ್ಪಿಕೊಳ್ಳುತ್ತಾನೆ. ಸಿನಿಮಾಕ್ಕೆ ಚೆನ್ನ. ನಿಜದಲ್ಲಿ ಬ್ಯಾಂಡು ಒಡೆದೇ ಇರಲಿಲ್ಲ, ಫ್ರೆಡ್ಡಿಯ 1985ರ ಆಲ್ಬಂಗಿಂತ ನಾಲ್ಕು ವರ್ಷ ಮೊದಲೇ ಡ್ರಮ್ಮಿನ ರೋಜರ್ ಟೇಲರ್ ತನ್ನದೊಂದು ಆಲ್ಬಂ ತಂದಾಗಿತ್ತು. ಬಿಟ್ಟುಹೋದವನು ಅಳುತ್ತಾ ಬರಬೇಕೆಂಬುದು ಅಭಿಮಾನಿಗಳ ಆಸೆ. ಎಷ್ಟೋ ಜನ ಅಳದೇ ಚೆನ್ನಾಗಿದ್ದಾರೆ.

ಅದಕ್ಕೂ ಒಂದು ಮಿತಿಯಿದೆ. ಜಾನ್ ಫೋಗರ್ಟಿ 1972ರಲ್ಲಿ ಕ್ರೀಡೆನ್ಸ್ ಬ್ಯಾಂಡು ಮುರಿದ ಮೇಲೆ ತಾನೇ ಬರೆದ ಹಾಡುಗಳನ್ನು ವರ್ಷಗಟ್ಟಲೆ ವೇದಿಕೆಯಲ್ಲಿ ಹಾಡಲಿಲ್ಲ, ಹಕ್ಕು ಹಳೆಯ ಕಂಪನಿಯ ಬಳಿ ಇತ್ತೆಂಬ ಸಿಟ್ಟಿಗೆ. 1985ರ ಆಲ್ಬಂನ ಹೊಸ ಹಾಡು ಬಂದಾಗ, ಇದು ನಮ್ಮ ಬಳಿಯಿರುವ ನಿನ್ನ ಹಳೆಯ ಹಾಡಿನ ನಕಲು ಎಂದು ಕಂಪನಿ ದಾವೆ ಹೂಡಿತು. ಆತ ಗಿಟಾರ್ ಹಿಡಿದು ಕೋರ್ಟಿನಲ್ಲೇ ನುಡಿಸಿ ತೋರಿಸಿ ಗೆಲ್ಲಬೇಕಾಯಿತು. ತನ್ನ ದನಿ ತನ್ನಂತೆಯೇ ಇರುವುದು ಅಪರಾಧವಲ್ಲ ಎಂದು ಸಾಬೀತು ಮಾಡುವ ಪಾಡು ಯಾವ ಹಾಡುಗಾರನಿಗೂ ಬೇಡ.

ಇನ್ನು ನಮ್ಮವರು. ಕನ್ನಡದಲ್ಲಿ ರಾಕ್ ಎಂದರೆ ಮೊದಲು ನೆನಪಾಗುವ ರಘು ದೀಕ್ಷಿತ್ ಕೂಡ ಒಡೆದ ಬ್ಯಾಂಡಿನಿಂದ ಬಂದವರೇ. ಮೈಸೂರಿನಲ್ಲಿ ಬೆಳೆದ ಹುಡುಗ, ಮೈಕ್ರೊಬಯಾಲಜಿಯಲ್ಲಿ ಎಂಎಸ್ಸಿ, ಭರತನಾಟ್ಯ ಕಲಿತವರು. ಗಿಟಾರ್ ಹಿಡಿದದ್ದು ಕಾಲೇಜಿನಲ್ಲಿ, ಪಂತಕ್ಕೆ ಬಿದ್ದು. ತೊಂಬತ್ತರ ದಶಕದ ಕೊನೆಯಲ್ಲಿ ಕಟ್ಟಿದ ‘ಅಂತರಾಗ್ನಿ’ ಕೆಲವೇ ವರ್ಷಗಳಲ್ಲಿ ಚದುರಿತು. ಆಮೇಲೆ ಕಟ್ಟಿದ್ದಕ್ಕೆ ‘ಬ್ಯಾಂಡ್’ ಎಂಬ ಹೆಸರಿಡಲಿಲ್ಲ, ‘ದ ರಘು ದೀಕ್ಷಿತ್ ಪ್ರಾಜೆಕ್ಟ್’ ಅಂದರು. ಬಾಗಿಲು ತೆರೆದಿಟ್ಟ ಮನೆ. ಬರುವವರು ಬರಲಿ, ಹೋಗುವವರು ಹೋಗಲಿ, ಮನೆಯ ಹೆಸರು ಮಾತ್ರ ಯಜಮಾನನದು. ಈ ಜಾಣತನವನ್ನು ಯಾರೂ ಸರಿಯಾಗಿ ಗುರುತಿಸಿಲ್ಲ ಎಂಬುದು ನನ್ನ ತಕರಾರು. ಮತ್ತೊಮ್ಮೆ ಒಡೆದರೆ ಒಡೆಯಲು ಏನೂ ಇರಬಾರದೆಂದು ಒಡೆದ ಮನೆಯಿಂದ ಬಂದವನಿಗೆ ತಾನೇ ಹೊಳೆಯುವುದು?

2008ರಲ್ಲಿ ವಿಶಾಲ್-ಶೇಖರ್ ಅವರ ಲೇಬಲ್ಲಿನಿಂದ ಮೊದಲ ಆಲ್ಬಂ ಬಂತು. ಶಿಶುನಾಳ ಶರೀಫರ ತತ್ವಪದಗಳು ಗಿಟಾರು, ವಯಲಿನ್ನಿನ ಜತೆ ಬೆಂಗಳೂರಿನ ಪಬ್ಬುಗಳನ್ನೂ ಹೊಕ್ಕವು. ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವ, 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, ಮರುವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸಬರ ಪ್ರಶಸ್ತಿ. ಆ ಕಾಲದ ಕಛೇರಿಗಳನ್ನು ನೋಡಿದವರು ಬೇಸ್ ಹಿಡಿದು ನಿಂತ ಗೌರವ್ ವಾಜ್‌ರನ್ನು ಮರೆಯಲಾರರು. ಮೊದಲ ಆಲ್ಬಂನಲ್ಲಿದ್ದ ಕಾವು 2013ರ ‘ಜಗ್ ಚಂಗಾ’ದಲ್ಲಿ ನನಗೆ ಸಿಗಲಿಲ್ಲ. ಹೊಳಪು ಹೆಚ್ಚಿತ್ತು, ಒರಟು ಕಡಿಮೆಯಾಗಿತ್ತು. ಮೊದಲನೆಯದು ಹಲವು ವರ್ಷ ಹಲವು ಜನರ ಕೈಯಲ್ಲಿ ವೇದಿಕೆಗಳ ಮೇಲೆ ಕುದಿದು ಹದಕ್ಕೆ ಬಂದ ಹಾಡುಗಳದು. ಎರಡನೆಯದಕ್ಕೆ ಅಷ್ಟು ಹೊತ್ತು ಒಲೆಯ ಮೇಲೆ ಇರಲು ಬಿಡುವಿರಲಿಲ್ಲ.

ಅದೇ ಮನೆಯ ತಮ್ಮ ವಾಸು ದೀಕ್ಷಿತ್ ಇನ್ನೊಂದು ದಾರಿ ಹಿಡಿದರು. ‘ಸ್ವರಾತ್ಮ’ದಲ್ಲಿ ಹಾಡುವವರು ವಾಸು, ಆದರೆ ಬ್ಯಾಂಡಿಗೆ ಅವರ ಹೆಸರಿಲ್ಲ. ಬೇಸಿನ ಜಿಷ್ಣು ದಾಸ್‌ಗುಪ್ತ, ತಾಳವಾದ್ಯದ ಪವನ್ ಕುಮಾರ್, ಡ್ರಮ್ಮಿನ ಮಾಂಟ್ರಿ ಮ್ಯಾನ್ಯುಯೆಲ್, ಇವರೂ ಅಷ್ಟೇ ಮುಂದೆ ನಿಂತವರು. 2009, 2012, 2018, ಮೂರು ಆಲ್ಬಂ. ನಿಧಾನ, ಆದರೆ ಉಳಿದುಕೊಂಡಿತು. ವಾಸು ತನಗೆ ಹಾಡಬೇಕೆನಿಸಿದ ದಾಸರ ಪದ, ತತ್ವಪದಗಳಿಗಾಗಿ ‘ವಾಸು ದೀಕ್ಷಿತ್ ಕಲೆಕ್ಟಿವ್’ ಎಂದು ಪಕ್ಕದಲ್ಲೊಂದು ಚಪ್ಪರ ಹಾಕಿಕೊಂಡರು. ಅದಕ್ಕಾಗಿ ಹಳೆಯ ಮನೆ ಕೆಡವಲಿಲ್ಲ. ಅಣ್ಣ ತಮ್ಮ ಇಬ್ಬರಲ್ಲಿ ಯಾರ ದಾರಿ ಸರಿ ಎಂದು ಕೇಳುವವರಿದ್ದಾರೆ. ಅಣ್ಣನ ಹಾಡು ಊರೂರು ತಲುಪಿತು, ತಮ್ಮನ ಬ್ಯಾಂಡು ಕಿವಿಗೆ ಹೆಚ್ಚು ತುಂಬಿಕೊಂಡಿದೆ. ಎರಡನ್ನೂ ಒಟ್ಟಿಗೆ ಪಡೆದವರು ಅಪರೂಪ.

ಕ್ರೈಸ್ಟ್ ಕಾಲೇಜಿನಲ್ಲಿ 1996ರಲ್ಲಿ ಹುಟ್ಟಿದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಇಂಗ್ಲಿಷಿನಲ್ಲಿ ಹಾಡಿದರೂ ತನ್ನ ಸಂಗೀತಕ್ಕೆ ಬೆಂಗಳೂರು ರಾಕ್ ಎಂದೇ ಹೆಸರಿಟ್ಟುಕೊಂಡಿತು. ಹಾಡುವ, ಗಿಟಾರ್ ನುಡಿಸುವ ಬ್ರೂಸ್ ಲೀ ಮಣಿ ಮತ್ತು ಡ್ರಮ್ಮಿನ ರಾಜೀವ್ ರಾಜಗೋಪಾಲ್ ಇಬ್ಬರೂ ಅಂಟಿಕೊಂಡು ಕೂತರು, ಉಳಿದವರು ಬದಲಾದರು. ಎಪ್ಪತ್ತರ ದಶಕದ ಬೆಂಗಳೂರಿನ ‘ಹ್ಯೂಮನ್ ಬಾಂಡೇಜ್’ ಕಥೆ ಇದಕ್ಕೆ ತಿರುಗಾಮುರುಗಾ. ಎಲ್ಲರೂ ಚದುರಿದರು, ಎಲ್ಲರಿಗೂ ನಡೆಯಿತು. ಹಾಡುತ್ತಿದ್ದ ರಾಧಾ ಥಾಮಸ್ ನ್ಯೂಯಾರ್ಕಿಗೆ ಹೋಗಿ ಜಾಝ್ ಹಾಡಿ ಮರಳಿ ಬೆಂಗಳೂರಿನಲ್ಲೇ ತಂಡ ಕಟ್ಟಿದರು. ಹಿಂದೆ ಕೂತು ಡ್ರಮ್ ಬಾರಿಸುತ್ತಿದ್ದ ರಮೇಶ್ ಶೋಥಮ್ ಜರ್ಮನಿಯಲ್ಲಿ ನೆಲೆಸಿ, ನಮ್ಮ ತಾಳವಾದ್ಯಗಳನ್ನು ಯುರೋಪಿನ ಜಾಝ್ ವೇದಿಕೆಗಳಿಗೆ ಹೊತ್ತರು. ಮುಂದೆ ನಿಂತವನೇ ಹೊರಟುಹೋಗುತ್ತಾನೆ ಎಂಬುದೂ ಅರ್ಧ ಸತ್ಯವೇ.

ರಾಕ್ ಎಂಬ ಪದ ಪಕ್ಕಕ್ಕಿಟ್ಟರೆ ಕನ್ನಡದ ಅಸಲಿ ಬ್ಯಾಂಡುಗಳು ಸಿನಿಮಾದಲ್ಲಿದ್ದವು. ಜೋಡಿ ಎಂದರೆ ಇಬ್ಬರ ಬ್ಯಾಂಡು ತಾನೆ? ‘ಕಾಕನಕೋಟೆ’ಗೆ 1977ರಲ್ಲಿ ಒಬ್ಬರೇ ಸಂಗೀತ ಕೊಟ್ಟಿದ್ದ ಸಿ. ಅಶ್ವಥ್ ಆಮೇಲೆ ಎಲ್. ವೈದ್ಯನಾಥನ್ ಜತೆ ಸೇರಿ ‘ಅಶ್ವಥ್-ವೈದಿ’ ಆದರು. ‘ನಾರದ ವಿಜಯ’, ‘ಆಲೆಮನೆ’ಯ ಹಾಡುಗಳು ಆ ಜೋಡಿಯವು. ಅಶ್ವಥ್ ದನಿ ಎದೆ ಸೀಳುವಂಥದು, ಗಂಟಲಿನಲ್ಲೇ ಡೊಳ್ಳು ಇಟ್ಟುಕೊಂಡವರು. ವೈದ್ಯನಾಥನ್ ಪಿಟೀಲಿನ ಮನೆತನದವರು, ಎಲ್. ಸುಬ್ರಮಣ್ಯಂ, ಎಲ್. ಶಂಕರ್ ಅವರ ಅಣ್ಣ. ಜೋಡಿಯ ಹಾಡುಗಳಲ್ಲಿ ಒಂದು ತಂಪಿದೆ, ಯಾರೋ ಹೆಗಲ ಮೇಲೆ ಕೈಯಿಟ್ಟು ‘ಸ್ವಲ್ಪ ತಾಳು’ ಅಂದಂತೆ. ಬೇರೆಯಾದ ಮೇಲೆ ಅಶ್ವಥ್ ಆ ಕೈಯನ್ನು ಎಲ್ಲಿ ಹುಡುಕಿಕೊಂಡರು? ಕವಿಗಳಲ್ಲಿ ಅಂದುಕೊಂಡಿದ್ದೇನೆ. 1990ರ ‘ಸಂತ ಶಿಶುನಾಳ ಶರೀಫ’ದಲ್ಲಿ ಶರೀಫರ ಮಾತೇ ಅವರಿಗೆ ಎದುರು ನಿಂತ ಪಾಲುದಾರ. ಆ ಮಾತು ಬಗ್ಗುವುದಿಲ್ಲ, ಹಾಡುವವನೇ ಬಗ್ಗಬೇಕು. 2005ರಲ್ಲಿ ಅವರು ‘ಕನ್ನಡವೇ ಸತ್ಯ’ ಎಂದು ಜನಸಾಗರ ಸೇರಿಸಿ ಹಾಡಿದ್ದೂ ಅದೇ ಅರಮನೆ ಮೈದಾನದಲ್ಲಿ, ನಾಫ್ಲರ್ ಬಂದುಹೋದ ವರ್ಷವೇ. ನಮ್ಮ ರಾಕ್ ಕಛೇರಿ ಎಂದರೆ ಅದೇ ಎಂದು ನಾನು ವಾದಿಸಿ ಗೆಳೆಯರಿಂದ ಬೈಸಿಕೊಂಡಿದ್ದೇನೆ. ಈಗಲೂ ವಾದಿಸುತ್ತೇನೆ.

ಇನ್ನೊಂದು ಜೋಡಿ ರವಿಚಂದ್ರನ್, ಹಂಸಲೇಖ. 1987ರ ‘ಪ್ರೇಮಲೋಕ’, ಮರುವರ್ಷದ ‘ರಣಧೀರ’, ಆಮೇಲೆ ಹತ್ತು ವರ್ಷ ಆಟೋ, ಲಾರಿ, ಮದುವೆ ವಾಲಗ ಎಲ್ಲದರಲ್ಲೂ ಅವರೇ. ನಮ್ಮೂರಿನ ಆರ್ಕೆಸ್ಟ್ರಾದವರ ಅರ್ಧ ಸಂಪಾದನೆ ಆ ಹಾಡುಗಳದು. ಬೇರೆಯಾದರು. ರವಿಚಂದ್ರನ್ ತಾವೇ ಸಂಗೀತ ನಿರ್ದೇಶಕರೂ ಆದರು. 2002ರಲ್ಲಿ ನಿರ್ದೇಶನ, ನಟನೆ, ಸಂಗೀತ ಎಲ್ಲ ತಾವೇ ಹೊತ್ತು ಮಾಡಿದ ಸಿನಿಮಾಕ್ಕೆ ಇಟ್ಟ ಹೆಸರು ‘ಏಕಾಂಗಿ’. ವಿಮರ್ಶಕರಿಗೆ ಇಷ್ಟು ಉಪಕಾರ ಮಾಡಿದ ಕಲಾವಿದ ಮತ್ತೊಬ್ಬನಿಲ್ಲ. ನಿರ್ದೇಶನಕ್ಕೆ ರಾಜ್ಯ ಪ್ರಶಸ್ತಿ ಬಂತು, ಜನ ಬರಲಿಲ್ಲ. 2004ರ ‘ಮಲ್ಲ’ದ ಹಾಡುಗಳು ಓಡಿದವು, ಅದನ್ನೂ ಹೇಳಬೇಕು. ಹಂಸಲೇಖ ಅತ್ತ ‘ನೆನಪಿರಲಿ’ಯಂಥ ಚೆಂದದ ಕೆಲಸ ಮಾಡಿದರು. ಇಬ್ಬರೂ ಸೋಲಲಿಲ್ಲ. ಆದರೆ ರವಿಚಂದ್ರನ್‌ರ ಹುಚ್ಚಿಗೆ ಹಂಸಲೇಖರ ನಾಟಕ ಕಂಪನಿಯ ಮಣ್ಣು ಮೆತ್ತಿಕೊಂಡಾಗ ಆಗುತ್ತಿದ್ದದ್ದು ಮತ್ತೆ ಆಗಲಿಲ್ಲ.

ನಮ್ಮ ಕಡೆಯ ಮೂಡಲಪಾಯ ಬಯಲಾಟ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಭಾಗವತ ಪದ ಎತ್ತುತ್ತಾನೆ, ಸಾಲು ಮುಗಿದ ಕಡೆ ಮುಖವೀಣೆಯವನು ಕೊಸರನ್ನು ಎತ್ತಿಕೊಳ್ಳುತ್ತಾನೆ. ಆ ಹೊತ್ತಿನಲ್ಲಿ ಭಾಗವತ ಉಸಿರು ತಿರುಗಿಸಿಕೊಳ್ಳುತ್ತಾನೆ. ಬೆಳಗಿನವರೆಗೆ ಹಾಡುವ ತ್ರಾಣ ಅವನ ಎದೆಯದೆಂದು ಜನ ತಿಳಿಯುತ್ತಾರೆ. ಅರ್ಧ ಪಕ್ಕದವನ ಕೆನ್ನೆಯದು.

2022ರ ಸೆಪ್ಟೆಂಬರ್‌ನಲ್ಲಿ ನಮ್ಮ ಮಾರಿಕಣಿವೆ ಅಣೆಕಟ್ಟು ಕೋಡಿ ಬಿತ್ತು. 1933ರಲ್ಲಿ ಬಿದ್ದದ್ದು, 89 ವರ್ಷದ ಮೇಲೆ ಮತ್ತೆ. ಹಿರಿಯೂರು ತಾಲ್ಲೂಕಿಗೆ ತಾಲ್ಲೂಕೇ ಬಂದು ನಿಂತಿತ್ತು. ಆ ನೂಕುನುಗ್ಗಲಲ್ಲಿ ನಮ್ಮ ಹಳೆಯ ಆರ್ಕೆಸ್ಟ್ರಾದ ಕೀಬೋರ್ಡಿನ ಅಣ್ಣ ಸಿಕ್ಕ. ಈಗ ಸಾಮಿಯಾನ, ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುತ್ತಾನೆ. ಜೋಳ ತಿನ್ನುತ್ತಾ ನಿಂತೆವು. ಆ ಹಾಡುಗಾರನ ಬಗ್ಗೆ ಇಪ್ಪತ್ತು ವರ್ಷದಿಂದ ಕೇಳಬೇಕೆಂದಿದ್ದದ್ದನ್ನು ಕೇಳಿದೆ. ಅವನ ಗಂಟಲು ಯಾಕಣ್ಣ ಹಂಗೆ ಹೋಯ್ತು?

‘ಗಂಟ್ಲು ಎಲ್ಲಿ ಹೋತು, ಅದು ಮೊದ್ಲಿಂದ್ಲೂ ಹಂಗೇ ಇತ್ತು’ ಅಂದ. ‘ಹನ್ನೆರಡು ಹೊಡೆದ ಮ್ಯಾಲೆ ಅವ್ನಿಗೆ ಮೇಲಿನ ಸ್ವರ ಸಿಗ್ತಿರ್ಲಿಲ್ಲ ಕಣಪ್ಪ. ನಾನು ಟ್ರಾನ್ಸ್‌ಪೋಸ್ ಬಟನ್ ಒತ್ತಿ ಅರ್ಧ ಮನೆ ಇಳಿಸಿಬಿಡ್ತಿದ್ದೆ. ಎರಡು ಗಂಟೆ ಮ್ಯಾಲೆ ಇನ್ನರ್ಧ. ಗಿಟಾರ್ನೋನಿಗೆ ಕಣ್ಣಲ್ಲೇ ಹೇಳ್ತಿದ್ದೆ. ಹಾಡೋನಿಗೆ ಇವತ್ತಿಗೂ ಗೊತ್ತಿಲ್ಲ.’

ಬೆಂಗಳೂರಿನಿಂದ ಬಂದ ಕೀಬೋರ್ಡಿನವನು ಹೇಳಿದ ಶ್ರುತಿಯನ್ನೇ ಇಟ್ಟು ಕೂತಿದ್ದ, ಅದು ಅವನ ತಪ್ಪಲ್ಲ. ಹಾಡುಗಾರನಿಗೆ ಈಗಲಾದರೂ ಹೇಳಲೇ ಎಂದೆ.

‘ಬ್ಯಾಡ, ಬೇಜಾರ್ ಮಾಡ್ಕೋತಾನೆ. ಈಗ ಮದುವೆ ಮನೇಲಿ ಟ್ರ್ಯಾಕ್ ಹಾಕ್ಕೊಂಡು ಒಬ್ನೇ ಹಾಡ್ತಾನಲ್ಲ, ಬಟನ್ ಅವ್ನ ಕೈಯಾಗೇ ಐತೆ.’

‘ಇಳಿಸ್ಕೋತಾನಾ?’

‘ಎಲ್ಲಿ’ ಅಂದು ಜೋಳದ ದಿಂಡನ್ನು ಕೋಡಿಯ ನೀರಿಗೆ ಎಸೆದ.